ಸೌದೆ ಕೊಟ್ಟಿಗೆಯಲ್ಲಿ 14 ವರ್ಷ ನಿಂತ ಅಪ್ಪನ ಜೀಪು: ಡೀಸೆಲ್ ಇಂಜಿನ್ ಕೂರಿಸಲಾ, ಇದ್ದದ್ದನ್ನೇ ಉಳಿಸಲಾ?

ಕೊಪ್ಪದ ಕಡೆಯವ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡು ಇದ್ದೆ. ಈಗ ಕೇಳುವ ಗಳಿಗೆ ಬಂದಿದೆ.

ನಮ್ಮಲ್ಲಿ ಒಂದು ಮಹೀಂದ್ರಾ ಸಿಜೆ 3ಬಿ ಇದೆ. 1971ರ ಗಾಡಿ, ಪೆಟ್ರೋಲ್. ಆರ್‌ಸಿ ಪುಸ್ತಕದಲ್ಲಿ ಇನ್ನೂ ಮೈಸೂರು ರಾಜ್ಯ ಅಂತಲೇ ಇದೆ. ಅಪ್ಪ ಇದನ್ನು 1984ರಲ್ಲಿ ಒಬ್ಬ ಕಾಫಿ ತೋಟದವರ ಹತ್ತಿರ ತಗೊಂಡರು. ಬಾನೆಟ್ ಎತ್ತರ ಇರುವುದರಿಂದ ನಮ್ಮೂರಲ್ಲಿ ಇದಕ್ಕೆ 'ಉದ್ದ ಮೂತಿ' ಅಂತ ಹೆಸರು. ನನ್ನನ್ನು ಹೆರಿಗೆ ಆಸ್ಪತ್ರೆಯಿಂದ ಮನೆಗೆ ತಂದಿದ್ದು ಇದರಲ್ಲೇ. ಆಮೇಲೆ ಗೊಬ್ಬರ, ಅಡಿಕೆ, ಕರು, ಒಂದು ಸಲ ಮದುಮಗ, ಎಲ್ಲವೂ ಇದರಲ್ಲೇ ಓಡಾಡಿವೆ. 2011ರ ಮಳೆಗಾಲದಲ್ಲಿ ಸ್ಟಾರ್ಟ್ ಆಗಲಿಲ್ಲ. ಮಳೆ ಬಿಟ್ಟ ಮೇಲೆ ನೋಡೋಣ ಅಂತ ಸೌದೆ ಕೊಟ್ಟಿಗೆಗೆ ತಳ್ಳಿದೆವು. ಆ ಮಳೆ ಬಿಡಲೇ ಇಲ್ಲ ಅನ್ನಿ. ಅಪ್ಪ 2019ರಲ್ಲಿ ಹೋದರು.

ಈ ಸಲ ಕೊಯ್ಲು ಮುಗಿದ ಮೇಲೆ ಸೌದೆ ಸರಿಸಿ ಜೀಪು ಹೊರಗೆ ತೆಗೆದೆ. ಹಿಂದಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು, ಅದಕ್ಕಾಗಿ 12 ದಿನ ಕಾದೆ. ಆಮೇಲೆ ಬೋಲ್ಟ್ ಬಿಚ್ಚಿ, 6 ಜನ ಸೇರಿ, ಅಡಿಕೆ ಮರದ ಕಂಬ ತೂರಿಸಿ ಬಾಡಿಯನ್ನು ಚಾಸಿಯಿಂದ ಎತ್ತಿ ಅಂಗಳದಲ್ಲಿ ಇಟ್ಟಿದ್ದೇವೆ. ಬೋಲ್ಟುಗಳಲ್ಲಿ ಅರ್ಧ ಬಿಚ್ಚಿದ್ದು, ಅರ್ಧ ಕತ್ತರಿಸಿದ್ದು.

ಚಾಸಿ ಪರವಾಗಿಲ್ಲ ಅನ್ನಿಸುತ್ತದೆ. ಬಾಡಿಯ ನೆಲ ಮಾತ್ರ ಹೋಗಿದೆ. ಎಲ್ಲಿ ಹೋಗಿದೆ ಗೊತ್ತಾ? ಹಿಂದೆ, ಬೋರ್ಡೋ (ಅಡಿಕೆಗೆ ಹೊಡೆಯುವ ಮೈಲುತುತ್ತು, ಸುಣ್ಣದ ಮದ್ದು) ಡ್ರಮ್ ಇಡುತ್ತಿದ್ದ ಜಾಗದಲ್ಲಿ ಸರಿಯಾಗಿ ದುಂಡಗೆ. ತೋಟದವರಿಗೆ ಇದು ಬೇಗ ಅರ್ಥವಾಗುತ್ತದೆ. ಸುಣ್ಣ ಸಾಕಾಯಿತಾ ಅಂತ ನೋಡಲು ಬೋರ್ಡೋಗೆ ಕತ್ತಿ ಅದ್ದುತ್ತೇವಲ್ಲ, ಸುಣ್ಣ ಕಡಿಮೆ ಇದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ಕೂರುವ ತಾಮ್ರಕ್ಕೆ ಲೆಕ್ಕವಾಗಿ ಕಬ್ಬಿಣ ಕರಗಿ ಹೋಗಿರುತ್ತದೆ. ನಮ್ಮ ಜೀಪಿನ ನೆಲ 25 ವರ್ಷ ಪ್ರತಿ ಮಳೆಗಾಲವೂ ಆ ಪರೀಕ್ಷೆ ಬರೆದಿದೆ. ಮೈಲುತುತ್ತು ಕರಗಿಸಿದ ನೀರು ಚೆಲ್ಲುವುದು, ಅದರ ಮೇಲೆ ಪೊಟ್ಯಾಷ್ ಚೀಲ ಹಾಕುವುದು. ತೊಳೆಯುವ ಅಭ್ಯಾಸ ಯಾರಿಗೂ ಇರಲಿಲ್ಲ.

ಇಂಜಿನ್ ಜಾಮ್ ಆಗಿದೆ. ಹ್ಯಾಂಡಲ್ ಹಾಕಿದರೆ ಹ್ಯಾಂಡಲ್ ಬಗ್ಗುತ್ತದೆ, ಇಂಜಿನ್ ಅಲ್ಲಾಡುವುದಿಲ್ಲ. ನಾನು 3 ಮೆಕ್ಯಾನಿಕ್‌ಗಳನ್ನು ಕೇಳಿದೆ. ಮೂವರದ್ದೂ ಒಂದೇ ಮಾತು: ಪೆಟ್ರೋಲ್ ಇಂಜಿನ್ ಗುಜರಿಗೆ ಹಾಕು, ಹಳೆ ಡೀಸೆಲ್ ಇಂಜಿನ್ ಗೇರ್‌ಬಾಕ್ಸ್ ಸಮೇತ ಕೂರಿಸುತ್ತೇವೆ, 85 ಸಾವಿರ ಕೊಡು. ಬಾಡಿಗೂ ಹಾಗೇ, ಪಂಜಾಬಿನ ಕಡೆಯಿಂದ ಹೊಸದೇ ಬರುತ್ತದೆ, ಯಾಕೆ ತೇಪೆ ಅಂತಾರೆ. ಹಾಗೆ ಮಾಡಿದರೆ ಅಪ್ಪನ ಜೀಪಿನಲ್ಲಿ ಉಳಿಯುವುದು ನಂಬರ್ ಪ್ಲೇಟು ಮತ್ತು ಚಾಸಿ ಮಾತ್ರ ಅಲ್ವಾ?

ನನಗೆ ವೆಲ್ಡಿಂಗ್ ಸ್ವಲ್ಪ ಬರುತ್ತದೆ (ಗೇಟು, ಒಲೆ, ಇಷ್ಟೇ). ಚೈನ್ ಬ್ಲಾಕ್ ಇದೆ, ಗ್ರೈಂಡರ್ ಇದೆ. ಜೀಪು ನನಗೆ ತೋರಿಸಲಿಕ್ಕೆ ಅಲ್ಲ, ತೋಟಕ್ಕೆ ಮತ್ತು ವಾರಕ್ಕೊಮ್ಮೆ ಪೇಟೆಗೆ ಬೇಕು. ಬಣ್ಣ ಮಿಲಿಟರಿ ಹಸಿರು ಮಾಡಬೇಕು ಅಂತ ಮಗನ ಆಸೆ. ತಿಳಿದವರು ದಾರಿ ಹೇಳಿ.

ಲೇತ್ ಮೇಷ್ಟ್ರು

ಇಂಜಿನ್ ಬಿಸಾಕಬೇಡಿ ಮಾರಾಯ್ರೆ. ಮೊದಲು ಅದು ಯಾಕೆ ಜಾಮ್ ಆಯಿತು ನೋಡಿ.

ನಿಮ್ಮದು ಹರಿಕೇನ್ ಇಂಜಿನ್. 4 ಸಿಲಿಂಡರ್, 134 ಕ್ಯೂಬಿಕ್ ಇಂಚು, ನಮ್ಮ ಲೆಕ್ಕದಲ್ಲಿ 2.2 ಲೀಟರ್. ಇದರಲ್ಲಿ ಗಾಳಿ ಒಳಗೆ ಬಿಡುವ ವಾಲ್ವು ಹೆಡ್ಡಿನಲ್ಲಿ (ಸಿಲಿಂಡರಿನ ಮೇಲಿನ ಮುಚ್ಚಳ), ಹೊಗೆ ಹೊರಗೆ ಬಿಡುವ ವಾಲ್ವು ಕೆಳಗೆ ಬ್ಲಾಕಿನಲ್ಲಿ. ಹಿಂದಿನ ಚಪ್ಪಟೆ ಹೆಡ್ ಇಂಜಿನ್‌ಗಿಂತ ಎತ್ತರ ಆಯಿತು, ಅದಕ್ಕೇ ಬಾನೆಟ್ಟೂ ಎತ್ತರ. ನಿಮ್ಮೂರಿನ 'ಉದ್ದ ಮೂತಿ'ಗೆ ಕಾರಣ ಇದೇ. ಅಮೆರಿಕದಲ್ಲಿ ಈ ಮಾದರಿ 1953ಕ್ಕೆ ಬಂದು 1968ಕ್ಕೆ ನಿಂತಿತು. ನಮ್ಮಲ್ಲಿ ಮಹೀಂದ್ರಾದವರು ಆಮೇಲೂ ಬಹಳ ವರ್ಷ ಮಾಡಿದರು. ಹಾಗಾಗಿ ಸಾಮಾನು ಸಿಗುವುದಿಲ್ಲ ಅನ್ನುವುದು ಸುಳ್ಳು. ಹುಡುಕುವವರಿಗೆ ಮನಸ್ಸಿಲ್ಲ, ಅಷ್ಟೇ.

ಈ ಇಂಜಿನ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಗಾಳಿ, ಪೆಟ್ರೋಲು ಒಳಗೆ ಒಯ್ಯುವ ಕೊಳವೆ) ಬೇರೆ ಇಲ್ಲ. ಅದು ಹೆಡ್ಡಿನ ಒಳಗೇ ಎರಕವಾಗಿದೆ. ಕಾರ್ಬುರೇಟರ್ ಹೆಡ್ಡಿನ ನೆತ್ತಿಯ ಮೇಲೆ ಕೂರುತ್ತದೆ. ಏರ್ ಫಿಲ್ಟರ್ ಪೈಪು ಕಳಚಿ ಕೊಟ್ಟಿಗೆಯ ಹೆಂಚು ಸೋರಿದ್ದರೆ, ನೀರು ಕಾರ್ಬುರೇಟರ್ ಹಾದು ನೇರ ಒಳಗೆ. ಯಾವ ಸಿಲಿಂಡರಿನ ವಾಲ್ವು ತೆರೆದು ನಿಂತಿತ್ತೋ ಅದರಲ್ಲಿ ತುಕ್ಕು. ನಾಲ್ಕೂ ಹೋಗಿರುವುದಿಲ್ಲ, ಒಂದೋ ಎರಡೋ ಹಿಡಿದುಕೊಂಡಿರುತ್ತವೆ.

ಹ್ಯಾಂಡಲ್ ಹಾಕಿ ಜಗ್ಗಬೇಡಿ. ಪ್ಲಗ್ 4ನ್ನೂ ಬಿಚ್ಚಿ. ಡೀಸೆಲ್ಲಿಗೆ ಅರ್ಧದಷ್ಟು ಪವರ್ ಸ್ಟೀರಿಂಗಿಗೆ ಹಾಕುವ ಕೆಂಪು ಎಣ್ಣೆ ಬೆರೆಸಿ ಪ್ರತಿ ಸಿಲಿಂಡರಿಗೂ ಒಂದು ಲೋಟ ಸುರಿದು ಬಿಡಿ. ದಿನಾ ನೋಡಿ, ಇಳಿದಿದ್ದರೆ ಮತ್ತೆ ಸುರಿಯಿರಿ. ಒಂದು ವಾರ ಕಳೆದ ಮೇಲೆ ಫ್ಲೈವೀಲ್ ಹಲ್ಲಿಗೆ ಸಬ್ಬಲ್ ಕೊಟ್ಟು ಹಿಂದೆ ಮುಂದೆ, ಹಿಂದೆ ಮುಂದೆ. ಕೂದಲೆಳೆ ಅಲುಗಾಡಿದರೆ ಗೆದ್ದಿರಿ.

ಹೆಡ್ ಎತ್ತುವಾಗ ಒಂದು ಎಚ್ಚರ. ಕಾರ್ಬುರೇಟರ್ ಬಿಚ್ಚಿದ ಮೇಲೆ ಆ ತೂತಿನೊಳಗೆ ಇಣುಕಿ ನೋಡಿ. ಒಂದು ಹೆಡ್ ಬೋಲ್ಟ್ ಅಲ್ಲೇ ಅಡಗಿದೆ. ಅದು ಗೊತ್ತಿಲ್ಲದೆ ಸಬ್ಬಲ್ ಹಾಕಿ ಎತ್ತಲು ಹೋಗಿ ಹೆಡ್ ಸೀಳಿಕೊಂಡವರು ನನ್ನ ಅಂಗಡಿಗೇ ಇಬ್ಬರು ಬಂದಿದ್ದಾರೆ.

ಸಿಲಿಂಡರಿನ ಒಳಗೋಡೆ (ಬೋರು) ಕೆಟ್ಟಿದ್ದರೆ ಕೊರೆಸಿ ದೊಡ್ಡ ಪಿಸ್ಟನ್ ಹಾಕಬಹುದು. ತೀರಾ ತಿಂದಿದ್ದರೆ ಆ ಒಂದಕ್ಕೆ ಸ್ಲೀವ್ (ಒಳಗೆ ಕೂರಿಸುವ ಹೊಸ ಕೊಳವೆ). ಡೀಸೆಲ್ ಕೂರಿಸುವವರು ಮೌಂಟಿಂಗ್ ಕತ್ತರಿಸಿ, ಚಾಸಿಗೆ ಹೊಸ ಕಬ್ಬಿಣ ಬೆಸೆದು, ರೇಡಿಯೇಟರ್ ಬದಲಿಸಿ, 85 ಸಾವಿರ ಅಂದಿದ್ದು ಒಂದೂವರೆ ಲಕ್ಷ ಆಗುತ್ತದೆ.

ಹಳೇ ಗಾಡಿ ಬೆಂಗಳೂರು

ಮೇಷ್ಟ್ರು ಇಂಜಿನ್ ಹೇಳಿದರು. ನಾನು ಕಾಗದ ಹೇಳುತ್ತೇನೆ. ಕಾಗದ ಸರಿ ಇಲ್ಲದ ಜೀಪಿಗೆ ಎಷ್ಟು ಚೆಂದ ಬಣ್ಣ ಹೊಡೆದರೂ ಅದು ಅಂಗಳದ ತುಳಸಿ ಕಟ್ಟೆ ಇದ್ದ ಹಾಗೆ, ಸುತ್ತು ಹಾಕಬಹುದು ಅಷ್ಟೇ. ನನ್ನ ಜೀಪಿಗೆ ನಾನು ಸುತ್ತಿದ್ದು 7 ತಿಂಗಳು.

ಗಾಡಿ ಅಪ್ಪನ ಹೆಸರಿನಲ್ಲಿದೆಯಾ? ಹಾಗಿದ್ದರೆ ಮೊದಲು ಫಾರಂ 31. ಮಾಲೀಕರು ತೀರಿಕೊಂಡಾಗ ವಾರಸುದಾರರ ಹೆಸರಿಗೆ ಮಾಡಿಸಲು ಅದೇ ಬೇಕು. ಮಾರಾಟದ ಫಾರಂ ತುಂಬಿಸಿ ಅಪ್ಪನ ಸಹಿ ಹಾಕಿ ಅಂತ ಯಾರಾದರೂ ಏಜೆಂಟ್ ಹೇಳಿದರೆ ಎದ್ದು ಬನ್ನಿ. ನೋಂದಣಿ ನವೀಕರಣಕ್ಕೆ ಫಾರಂ 25. ಅದು 5 ವರ್ಷಕ್ಕೊಮ್ಮೆ. 20 ವರ್ಷ ದಾಟಿದ ಕಾರು ಜೀಪುಗಳಿಗೆ 2025ರ ಆಗಸ್ಟಿನಿಂದ ನವೀಕರಣ ಶುಲ್ಕವೇ 10,000 ರೂಪಾಯಿ. ಹಸಿರು ತೆರಿಗೆ, ತಡವಾದ ದಂಡ ಬೇರೆ. ಗಾಡಿ ಓಡುವ ಸ್ಥಿತಿಗೆ ಬಂದ ಮೇಲೆ ಇನ್‌ಸ್ಪೆಕ್ಟರ್ ಎದುರು ನಿಲ್ಲಿಸಬೇಕು.

ನಿಮ್ಮ ಗಾಡಿಗೆ 50 ವರ್ಷ ದಾಟಿದೆ. ಹಾಗಾಗಿ ಯಾರೋ ಬಂದು ವಿಂಟೇಜ್ ಮಾಡಿಸಿ ಅಂತ ಹೇಳೇ ಹೇಳುತ್ತಾರೆ. 2021ರಲ್ಲಿ ಅದಕ್ಕೆ ಬೇರೆ ನಿಯಮ ಬಂದಿದೆ, ಶುಲ್ಕ 20,000, 10 ವರ್ಷಕ್ಕೆ ಸಿಂಧು. ನಂಬರಿನಲ್ಲಿ ವಿಎ ಅಂತ ಬರುತ್ತದೆ, ನೋಡಲಿಕ್ಕೆ ಚೆಂದ. ಆದರೆ ವಿಂಟೇಜ್ ಗಾಡಿಯನ್ನು ದಿನದ ಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲ್ ಹಾಕಿಸುವುದು, ರಿಪೇರಿ, ಇಷ್ಟಕ್ಕೆ ಮಾತ್ರ. ಪೊಟ್ಯಾಷ್ ತರಲು ಪೇಟೆಗೆ ಹೋದರೆ ತಪ್ಪಾಗುತ್ತದೆ. ನಿಮಗೆ ಅದು ಬೇಡ. ಹಾಗಂತ ಮುಂದೆ ಯಾವಾಗಲಾದರೂ ಬೇಕು ಅನ್ನಿಸಿದರೆ? ಚಾಸಿ, ಬಾಡಿ, ಇಂಜಿನ್ ಮೂಲದ್ದೇ ಇರಬೇಕು. ಡೀಸೆಲ್ ಕೂರಿಸಿದ ದಿನ ಆ ಬಾಗಿಲು ಮುಚ್ಚಿತು.

ಡೀಸೆಲ್ ವಿಷಯಕ್ಕೆ ಇನ್ನೊಂದು ಮಾತು. ಆರ್‌ಸಿಯಲ್ಲಿ ಪೆಟ್ರೋಲ್, ಒಳಗೆ ಡೀಸೆಲ್ ಅಂದರೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಬರುತ್ತದೆ. ಕಂಪನಿ ಕೊಟ್ಟಿದ್ದನ್ನು ಬದಲಿಸಲು ಅನುಮತಿ ಬೇಕು. ಗುಜರಿಯಿಂದ ತಂದ ಇಂಜಿನ್‌ಗೆ ಅದು ಸಿಗುವುದು ಕಷ್ಟ. ಊರಲ್ಲಿ ಎಲ್ಲರೂ ಓಡಿಸುತ್ತಾರೆ ಅನ್ನಬೇಡಿ, ಅಪಘಾತವಾಗಿ ವಿಮೆ ಕೇಳಿದಾಗ ಊರಿನವರು ಬರುವುದಿಲ್ಲ.

ಮಗನಿಗೆ ಬೇಜಾರಾಗುತ್ತದೆ, ಆದರೂ ಹೇಳಬೇಕು. ಮಿಲಿಟರಿ ಹಸಿರು ಆಗುವುದಿಲ್ಲ. ಕೇಂದ್ರ ಮೋಟಾರು ವಾಹನ ನಿಯಮದ 121ರ ಪ್ರಕಾರ ಆಲಿವ್ ಗ್ರೀನ್ ಸೇನೆಯ ಗಾಡಿಗಳಿಗೆ ಮಾತ್ರ. ಡ್ಯಾಶ್‌ಬೋರ್ಡಿನ ಹಿಂಬದಿ ಕೆರೆದು ನೋಡಿ, ಮೂಲ ಬಣ್ಣ ಸಿಗುತ್ತದೆ.

ಕಡೆಯದಾಗಿ, ಚಾಸಿ ನಂಬರ್ ಎಲ್ಲಿದೆ ಅಂತ ಇವತ್ತೇ ಹುಡುಕಿ, ಅದರ ಮೇಲೆ ಗ್ರೀಸ್ ಸವರಿ ಟೇಪು ಸುತ್ತಿ. ಗ್ರೈಂಡರ್ ಅಲ್ಲಿಗೆ ಹೋಗಲೇಬಾರದು. ಆರ್‌ಟಿಒದಲ್ಲಿ ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಅಕ್ಷರ ಮಸುಕಾದರೆ ನಿಮ್ಮ ಕಥೆ ಮುಗಿಯಿತು.

ಸುಮ್ನೆ ಓದುಗ

ಆ ಕೋಳಿಮರಿ ಏನಾದವು ಹೇಳಿ ಮೊದಲು.

ಕೊಪ್ಪದ ಕಡೆಯವ (3 ವಾರದ ನಂತರ)

ಮರಿ 9. ಎರಡನ್ನು ಗಿಡುಗ ಒಯ್ದಿತು.

ಮೇಷ್ಟ್ರೇ, ನಿಮಗೆ ದೊಡ್ಡ ನಮಸ್ಕಾರ. 11ನೇ ದಿನ ಅಲುಗಾಡಿತು! 3ನೇ ಸಿಲಿಂಡರ್ ಒಂದೇ ಹಿಡಿದಿದ್ದು. ಅಡಗಿದ ಬೋಲ್ಟೂ ಸಿಕ್ಕಿತು, ನೀವು ಹೇಳದಿದ್ದರೆ ನಾನೂ ನಿಮ್ಮ ಅಂಗಡಿಗೆ ಮೂರನೆಯವನಾಗಿ ಬರುತ್ತಿದ್ದೆ. ಇಂಜಿನ್ ಇದೇ ಇರಲಿ ಅಂತ ತೀರ್ಮಾನ ಮಾಡಿದೆ. ಬ್ಲಾಕ್ ಶಿವಮೊಗ್ಗಕ್ಕೆ ಬೋರಿಂಗಿಗೆ ಹೋಗಿದೆ.

ಈಗ ಎರಡು ಪೆಟ್ಟು ತಿಂದಿದ್ದೇನೆ. ಒಂದು, ನಿಮ್ಮ ಉತ್ತರ ಬರುವ ಮುಂಚೆಯೇ ಹೊಸ ಬಾಡಿ ತರಿಸಲು ಮುಂಗಡ ಕೊಟ್ಟಿದ್ದೆ. ಮಾರುವವರು ವಾಟ್ಸಾಪಿನಲ್ಲಿ 'ಎಲ್ಲಾ ಜೀಪಿಗೂ ಆಗುತ್ತದೆ ಸರ್' ಅಂದರು. ಬಂದದ್ದು ಉದ್ದ ಜೀಪಿನದು. ನನ್ನ ಚಾಸಿಯ ಮೇಲಿಟ್ಟರೆ ಬಾಡಿ ಹಿಂದಕ್ಕೆ ಚಾಚಿಕೊಂಡು, ಚಿಕ್ಕ ಮಂಚದ ಮೇಲೆ ದೊಡ್ಡವರು ಮಲಗಿದ ಹಾಗೆ ಕಾಣುತ್ತದೆ. ವಾಪಸ್ ತಗೊಳ್ಳುವುದಿಲ್ಲವಂತೆ. ಸದ್ಯ ಅದರಲ್ಲಿ ಅಮ್ಮ ಸೆಗಣಿ ಗೊಬ್ಬರ ಹಾಕಿ ಬಸಳೆ ಹಬ್ಬಿಸಿದ್ದಾರೆ.

ಎರಡು, ಎಡಗಡೆ ಚಕ್ರ. ಬಲಗಡೆಯ ಎರಡೂ ಚಕ್ರ ಸಲೀಸಾಗಿ ಬಿಚ್ಚಿದವು. ಎಡಗಡೆ ಏನು ಮಾಡಿದರೂ ಬಿಚ್ಚುತ್ತಿಲ್ಲ. ಪಾನಾಕ್ಕೆ 5 ಅಡಿ ಪೈಪ್ ಹಾಕಿ ತುಳಿದೆ. 3 ಸ್ಟಡ್ (ನಟ್ಟು ಕೂರುವ ಬೋಲ್ಟು) ಟಪ್ ಅಂತ ಮುರಿದವು. ತುಕ್ಕು ಇಷ್ಟೊಂದಾ?

ಕೊಡಗು ಫೋರ್ ವೀಲ್

ತುಕ್ಕಲ್ಲ ಅಣ್ಣಾ, ಉಲ್ಟಾ ಥ್ರೆಡ್. ಈ ಹಳೆ ಜೀಪುಗಳಲ್ಲಿ ಎಡಗಡೆ ಚಕ್ರದ ನಟ್ಟು ಎಡಕ್ಕೆ ತಿರುಗಿಸಿದರೆ ಬಿಗಿ, ಬಲಕ್ಕೆ ತಿರುಗಿಸಿದರೆ ಸಡಿಲ. ಓಡುವಾಗ ತಾನಾಗಿ ಸಡಿಲ ಆಗಬಾರದು ಅಂತ ಹಾಗೆ ಮಾಡಿದ್ದು. ನೀವು ಬಿಚ್ಚುತ್ತಾ ಇಲ್ಲ, ಬಿಗಿ ಮಾಡುತ್ತಾ ಇದ್ದೀರಿ. ಸ್ಟಡ್ಡಿನ ತುದಿ ಒರೆಸಿ ನೋಡಿ, ಇಂಗ್ಲಿಷಿನ ಎಲ್ ಅಕ್ಷರ ಇರಬಹುದು. ನಮ್ಮಲ್ಲಿ ಜೀಪು ಓಡಿಸುವ ಪ್ರತಿಯೊಬ್ಬನೂ ಜೀವನದಲ್ಲಿ ಒಮ್ಮೆ ಸ್ಟಡ್ ಮುರಿದೇ ಇದನ್ನು ಕಲಿತದ್ದು. ನಾನು ಮುರಿದದ್ದು 4.

ಬಾಡಿ ತರಿಸುವ ಮುಂಚೆ ಟೇಪು ಹಿಡಿಯಬೇಕಿತ್ತು. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ನಿಮ್ಮದು 80 ಇಂಚು. ಮಹೀಂದ್ರಾದ ಎಂಎಂ 540 ತರಹದ ಉದ್ದ ಜೀಪು 91 ಇಂಚು. ಬಸಳೆಗೆ 91 ಇಂಚು ಒಳ್ಳೆಯದೇ ಬಿಡಿ.

ಹಳೆ ಬಾಡಿಯನ್ನೇ ಮಾಡಿ. ನೆಲಕ್ಕೆ 16 ಗೇಜ್ ಶೀಟು, ಬದಿಗೆ 18 ಗೇಜ್ ಸಾಕು. ನೀವು ಗೇಟಿಗೆ ಹಿಡಿಯುವ ಕಡ್ಡಿ ವೆಲ್ಡಿಂಗ್ ಇದಕ್ಕೆ ಹಿಡಿಯಬೇಡಿ, ತೂತು ಬೀಳುತ್ತದೆ, ಮುಚ್ಚಲು ಹೋದರೆ ತೂತು ದೊಡ್ಡದಾಗುತ್ತದೆ. ಸಿಓಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ವೆಲ್ಡಿಂಗ್ ಮಷೀನ್ ಬಾಡಿಗೆಗೆ ತನ್ನಿ. ಒಂದೇ ಕಡೆ ಉದ್ದಕ್ಕೆ ಎಳೆಯದೆ ಇಲ್ಲೊಂದು ಅಲ್ಲೊಂದು ಚುಕ್ಕಿ ಕೊಡುತ್ತಾ ಹೋಗಿ, ಇಲ್ಲದಿದ್ದರೆ ಶೀಟು ಹಪ್ಪಳದ ಹಾಗೆ ಸೊಟ್ಟ ಆಗುತ್ತದೆ. ಮತ್ತೆ, ಇದನ್ನು ತಮಾಷೆಗೆ ಹೇಳುತ್ತಾ ಇಲ್ಲ: ಸೀಟಿನ ಕೆಳಗಿನ ಪೆಟ್ರೋಲ್ ಟ್ಯಾಂಕನ್ನು ಬಿಚ್ಚಿ ದೂರ ಇಟ್ಟ ಮೇಲೆಯೇ ಕಿಡಿ ಹಾರಿಸಿ. 14 ವರ್ಷ ಖಾಲಿ ಇತ್ತು ಅಂತ ಆ ಟ್ಯಾಂಕಿಗೆ ನೀವೇ ವೆಲ್ಡಿಂಗ್ ಮಾಡಲು ಹೋಗಬೇಡಿ. ಒಳಗೆ ಉಳಿದ ಆವಿ ಸಾಕು.

ಬ್ರೇಕು. ಹಳೆಯದರಲ್ಲಿ ಎಣ್ಣೆಯ ದಾರಿ ನಾಲ್ಕು ಚಕ್ರಕ್ಕೂ ಒಂದೇ. ಎಲ್ಲಾದರೂ ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರ್, ಪೈಪು, ಒಂದನ್ನೂ ಉಳಿಸಬೇಡಿ. ಅಪ್ಪನ ನೆನಪು ಅಂತ ಹಳೆ ಬ್ರೇಕ್ ಪೈಪು ಇಟ್ಟುಕೊಳ್ಳುವುದು ಬೇಡ.

ಸಣ್ಣ ಸಾಮಾನಿನ ತುಕ್ಕಿಗೆ ನಾನು ಕೆಟ್ಟುಹೋದ ಬೆಲ್ಲ ಬಳಸುತ್ತೇನೆ. ಒಂದು ಪಾಲು ಜೋನಿ ಬೆಲ್ಲಕ್ಕೆ 9 ಪಾಲು ನೀರು, ಎರಡು ವಾರ ನೆನೆಹಾಕಿ. ಹೆಂಡದ ವಾಸನೆ ಬರುತ್ತದೆ, ಮನೆಯಿಂದ ದೂರ ಇಡಿ. ಕಬ್ಬಿಣ ಬೆಳ್ಳಗೆ ಬರುತ್ತದೆ. ಅಲ್ಯೂಮಿನಿಯಂ, ಕಾರ್ಬುರೇಟರ್ ಮಾತ್ರ ಅದರಲ್ಲಿ ಹಾಕಬೇಡಿ, ಅವನ್ನು ತಿಂದುಬಿಡುತ್ತದೆ.

ಕೊಪ್ಪದ ಕಡೆಯವ (ಮೇ ಕೊನೆಯ ವಾರ)

ಮಳೆ ಶುರುವಾಗುವ ಮುಂಚೆ ಬರೆದುಬಿಡುತ್ತೇನೆ. ಅಡಿಕೆ ತೂಕದ ಪುಸ್ತಕದ ಹಿಂದಿನಿಂದ ಲೆಕ್ಕ ಬರೆಯುತ್ತಾ ಬಂದಿದ್ದೆ. ಹಿಂದಿನಿಂದ ಬಂದ ಜೀಪಿನ ಲೆಕ್ಕ ಮುಂದಿನಿಂದ ಬಂದ ಅಡಿಕೆಯ ಲೆಕ್ಕವನ್ನು ಮುಟ್ಟಿದೆ. ಒಟ್ಟು ಎಷ್ಟು ಅಂತ ಇಲ್ಲಿ ಹಾಕುವುದಿಲ್ಲ, ಹೆಂಡತಿಯೂ ಇದನ್ನು ಓದುತ್ತಾಳೆ.

ನೆಲ ಪೂರ್ತಿ ಹೊಸದು. ಮೊದಲ ತುಂಡು ಹಪ್ಪಳ ಆಯಿತು, ಕಿತ್ತು ಮತ್ತೆ ಹಾಕಿದೆ. ಎರಡನೆಯದು ಪರವಾಗಿಲ್ಲ. ಬದಿಯ ಶೀಟು, ವಿಂಡ್‌ಶೀಲ್ಡ್ ಫ್ರೇಮು, ಬಾನೆಟ್, ಗ್ರಿಲ್ ಎಲ್ಲ ಹಳೆಯವೇ. ಬಲಗಡೆ ಬಾಡಿಯ ಮೇಲೆ ಒಂದು ತಗ್ಗು ಇದೆ, 1996ರಲ್ಲಿ ಅಪ್ಪ ಹಲಸಿನ ಮರಕ್ಕೆ ಗುದ್ದಿದ್ದು. ಟಿಂಕರಿಂಗ್ ಹುಡುಗ ಅದನ್ನು ಎತ್ತಲು ಸುತ್ತಿಗೆ ತಗೊಂಡಿದ್ದ. ಅಮ್ಮ ಒಳಗಿನಿಂದಲೇ 'ಅದು ಇರಲಿ' ಅಂದರು. ಇದೆ.

ಡ್ಯಾಶ್ ಹಿಂದೆ ಕೆರೆದಾಗ ಮಾಸಿದ ನೀಲಿ ಸಿಕ್ಕಿತು. ಆರ್‌ಸಿಯಲ್ಲೂ ನೀಲಿ ಅಂತಲೇ ಇದೆ. ನಾನು ಹುಟ್ಟಿದಾಗಿನಿಂದ ಅದನ್ನು ಕೆಂಪು ಜೀಪು ಅಂತಲೇ ನೋಡಿದ್ದು. ಮಗ ಎರಡು ದಿನ ಮಾತು ಬಿಟ್ಟಿದ್ದ. ಈಗ ಅವನೇ ರೆಡ್ ಆಕ್ಸೈಡ್ ಹೊಡೆದಿದ್ದಾನೆ, ಜೀಪಿಗೂ, ನಾಯಿಗೂ.

ಇಂಜಿನ್‌ಗೆ 30 ತೌ (ಇಂಚಿನ ಸಾವಿರದಲ್ಲಿ 30 ಪಾಲು) ದೊಡ್ಡ ಪಿಸ್ಟನ್ ಬಿತ್ತು, 3ನೆಯದಕ್ಕೆ ಸ್ಲೀವ್. ಕಾರ್ಬುರೇಟರಿನ ರಬ್ಬರು, ಪೆಟ್ರೋಲ್ ಪೈಪು ಎಲ್ಲ ಬದಲಿಸಿದೆ. ಈಗಿನ 20 ಪರ್ಸೆಂಟ್ ಎಥನಾಲ್ ಪೆಟ್ರೋಲಿಗೆ ಹಳೆ ರಬ್ಬರು ಉಬ್ಬಿ ಪುಡಿಯಾಗುತ್ತದೆ ಅಂತ ಮೇಷ್ಟ್ರು ಫೋನಿನಲ್ಲಿ ಹೇಳಿದ್ದರು. ಟ್ಯಾಂಕಿನ ಒಳಗೆ ಬೆಲ್ಲದ ನೀರು ತುಂಬಿಸಿ ಇಟ್ಟಿದ್ದೆ. ತುಕ್ಕು ಹೋಯಿತು, ಇರುವೆ ಬಂತು.

ಹೋದ ಭಾನುವಾರ ಸಂಜೆ ಸ್ಟಾರ್ಟ್ ಮಾಡಿದೆವು. ಒಂದು ಗಂಟೆ ಪ್ರಯತ್ನಪಟ್ಟರೂ ಬರೀ ಕೆಮ್ಮು. ಪ್ಲಗ್‌ಗಳಿಗೆ ಕಿಡಿ ಹೋಗುವ ಕ್ರಮ 1-3-4-2 ಅಂತ ಬಾಯಿಪಾಠ ಮಾಡಿದ್ದೆ, ಆದರೂ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ತಿರುಗುವ ದಿಕ್ಕನ್ನೇ ತಪ್ಪಾಗಿ ಹಿಡಿದು ವೈರು ಉಲ್ಟಾ ಸುತ್ತಿ ಹಾಕಿದ್ದೆ. ಉಲ್ಟಾ ಅನ್ನುವುದು ನನ್ನ ಜಾತಕದಲ್ಲೇ ಇದೆ ಅನ್ನಿಸುತ್ತದೆ. ಸರಿ ಮಾಡಿದ ಮೇಲೆ ಎರಡನೇ ಸುತ್ತಿಗೇ ಹತ್ತಿಕೊಂಡಿತು. ಸೈಲೆನ್ಸರ್ ಇನ್ನೂ ಹಾಕಿರಲಿಲ್ಲ. ಕೆಳಗಿನ ಮನೆಯವರು ಪಂಪ್‌ಸೆಟ್ ಸಿಡಿಯಿತು ಅಂತ ಟಾರ್ಚ್ ಹಿಡಿದು ಓಡಿ ಬಂದರು.

ಗೇರಿಗೆ ಬಂದರೆ, ಮೂರೇ ಗೇರು, ಮೊದಲನೆಯದಕ್ಕೆ ಸಿಂಕ್ರೋ (ಓಡುವಾಗಲೂ ಗೇರು ಸಲೀಸಾಗಿ ಬೀಳಿಸುವ ಭಾಗ) ಇಲ್ಲ. ಪೂರ್ತಿ ನಿಂತ ಮೇಲೆ ಹಾಕದಿದ್ದರೆ ಕರ್ ಅಂತ ಬೈಯುತ್ತದೆ. ಅಪ್ಪ ಯಾಕೆ ಪ್ರತಿ ತಿರುವಿನಲ್ಲೂ ಒಂದು ಕ್ಷಣ ನಿಂತು ಹೋಗುತ್ತಿದ್ದರು ಅಂತ ಈಗ ತಿಳಿಯಿತು. ನಾವೆಲ್ಲ ಅವರಿಗೆ ಹೆದರಿಕೆ ಅಂದುಕೊಂಡಿದ್ದೆವು.

ಫಾರಂ 31 ಕೊಟ್ಟಾಗಿದೆ, ತಮ್ಮ ಮತ್ತು ಅಮ್ಮನ ಒಪ್ಪಿಗೆ ಪತ್ರದ ಜೊತೆ. ಚಾಸಿ ನಂಬರಿನ ಟೇಪು ಇನ್ನೂ ಬಿಚ್ಚಿಲ್ಲ.

ಒಂದು ಪ್ರಶ್ನೆ ಉಳಿದಿದೆ. ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ. ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಚಕ್ರಗಳಿಗೆ ಶಕ್ತಿ ಹಂಚುವ ಪೆಟ್ಟಿಗೆ) ಹಿಂದಿರುವ ಬ್ರೇಕ್ ಡ್ರಮ್ ಬಿಚ್ಚಿದರೆ ಒಳಗೆಲ್ಲ ಎಣ್ಣೆ. ಬ್ರೇಕ್ ಲೈನರ್ ಬದಲಿಸಿದೆ, 4 ದಿನಕ್ಕೆ ಮತ್ತೆ ಎಣ್ಣೆ.

ಲೇತ್ ಮೇಷ್ಟ್ರು

ಲೈನರ್ ಅಲ್ಲ, ಅದರ ಹಿಂದಿನ ಆಯಿಲ್ ಸೀಲ್. ಹೊಸ ಸೀಲ್ ಹಾಕುವ ಮುಂಚೆ ಸೀಲ್ ಕೂರುವ ಜಾಗದಲ್ಲಿ ಉಗುರು ಎಳೆದು ನೋಡಿ. ಗೆರೆ ಸಿಕ್ಕಿದರೆ ಎಷ್ಟು ಸೀಲ್ ಹಾಕಿದರೂ ಸೋರುತ್ತದೆ. ಬಿಚ್ಚಿ ಬಸ್ಸಿನಲ್ಲಿ ಕಳಿಸಿ, ತೆಳು ಸ್ಲೀವ್ ಹಾಕಿ ಕೊಡುತ್ತೇನೆ. ಅಲ್ಲಿಯವರೆಗೆ ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿ, ನಿಮ್ಮ ಅಂಗಳ ಇಳಿಜಾರು ಅಂತ ಫೋಟೋದಲ್ಲೇ ಕಾಣುತ್ತದೆ.

ಸುಮ್ನೆ ಓದುಗ

ಬಸಳೆ ಹೇಗಿದೆ?

ಕೊಪ್ಪದ ಕಡೆಯವ

ಜೀಪಿಗಿಂತ ಚೆನ್ನಾಗಿದೆ.